ಆಮ್ಲಜನಕವನ್ನು ಕಂಡುಹಿಡಿದವರು ಯಾರು? ಮೂಲ ಆಕರಗಳ ಜಾಡು ಹಿಡಿಯುವ ಬಗೆ

ಪ್ರಶ್ನೆ: ನಾನು ರಸಾಯನಶಾಸ್ತ್ರ ಓದಿದವಳು, ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಆಮ್ಲಜನಕದ ಆವಿಷ್ಕಾರದ ಬಗ್ಗೆ ಒಂದು ದೀರ್ಘ ಲೇಖನ ಬರೆಯಲು ಹೊರಟು ಐದು ತಿಂಗಳಾಯಿತು. ಒಂದು ಪುಸ್ತಕ ಇಂಗ್ಲೆಂಡಿನ ಪ್ರೀಸ್ಟ್ಲಿ ಎನ್ನುತ್ತದೆ, ಇನ್ನೊಂದು ಸ್ವೀಡನ್ನಿನ ಶೀಲೆ, ಮತ್ತೊಂದು ಫ್ರಾನ್ಸಿನ ಲವಾಸಿಯೆ. ಪ್ಯಾರಿಸ್ಸಿನ ಊಟದ ಮೇಜಿನಲ್ಲಿ ಪ್ರೀಸ್ಟ್ಲಿಯ ಬಾಯಿಂದ ಲವಾಸಿಯೆಗೆ ಗುಟ್ಟು ತಿಳಿದುಹೋದ ಕಥೆ ಎಲ್ಲದರಲ್ಲೂ ಇದೆ, ವಿವರಗಳು ಮಾತ್ರ ಹೊಂದುವುದಿಲ್ಲ. ಪರಿಚಿತ ಪ್ರಾಧ್ಯಾಪಕರೊಬ್ಬರು "ಮೂಲ ಆಕರ ನೋಡದೆ ಬರೆಯಬೇಡಿ" ಎಂದರು. ನನಗೆ ಫ್ರೆಂಚ್, ಜರ್ಮನ್ ಬಾರದು. ವಿದೇಶದ ಪತ್ರಾಗಾರಗಳಿಗೆ ಹೋಗಲಾರೆ. ಕೃತಕ ಬುದ್ಧಿಮತ್ತೆಯ ಸಾಧನವೊಂದನ್ನು ಕೇಳಿದರೆ ಪುಟಸಂಖ್ಯೆ ಸಮೇತ ಉಲ್ಲೇಖ ಕೊಟ್ಟಿತು. ಆ ಪುಟ ತೆರೆದರೆ ಅಂಥ ಮಾತೇ ಇರಲಿಲ್ಲ. ಅಂತರಜಾಲದಲ್ಲಿ ಸಿಗುವ ಸ್ಕ್ಯಾನ್ ಪ್ರತಿಯನ್ನು ಮೂಲ ಎನ್ನಬಹುದೇ? ಕೈಬರಹದ ಕಾಗದ ಮುಟ್ಟದವರು ವಿಜ್ಞಾನದ ಇತಿಹಾಸ ಬರೆಯುವುದು ತಪ್ಪೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಐದು ತಿಂಗಳಿಂದ ನಿಮ್ಮ ಕೈ ಕಟ್ಟಿಹಾಕಿರುವುದು ಅದೇ ಎಂದು ನನಗನಿಸುತ್ತದೆ. ಖಂಡಿತ ತಪ್ಪಲ್ಲ. ನಿಮ್ಮ ಲೇಖನಕ್ಕೆ ಬೇಕಾದ ಆಕರಗಳಲ್ಲಿ ಬಹುಪಾಲು ಆ ಕಾಲದಲ್ಲೇ ಅಚ್ಚಾದವು, ಮತ್ತು ಅವುಗಳಲ್ಲಿ ಹೆಚ್ಚಿನವನ್ನು ಕುಳಿತಲ್ಲೇ ಓದಬಹುದು. ನಿಮಗೆ ಅಡ್ಡ ನಿಂತಿರುವುದು ಪ್ಯಾರಿಸ್ಸಿನ ದೂರವಲ್ಲ. ಮೂಲ ಆಕರವೆಂದರೆ ಎಲ್ಲೋ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಹಳದಿ ಕಾಗದ, ಅದನ್ನು ಕಂಡವರಿಗೆ ಮಾತ್ರ ಸತ್ಯ ಗೊತ್ತು ಎಂಬ ಕಲ್ಪನೆ ನಿಮ್ಮನ್ನು ತಡೆದಿದೆ.

ಒಂದು ಬರಹ ಮೂಲವೋ ಅಲ್ಲವೋ ಎಂಬುದನ್ನು ಅದರ ವಯಸ್ಸಾಗಲೀ ಕೈಬರಹವಾಗಲೀ ನಿರ್ಧರಿಸುವುದಿಲ್ಲ. ನೀವು ಅದಕ್ಕೆ ಯಾವ ಪ್ರಶ್ನೆ ಹಾಕುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ನಿಮ್ಮ ಊಟದ ಕಥೆಯನ್ನೇ ನೋಡಿ. 1774ರ ಆಗಸ್ಟ್ 1ರಂದು ಪ್ರೀಸ್ಟ್ಲಿ ಪಾದರಸದ ಕೆಂಪು ಭಸ್ಮದ ಮೇಲೆ ಮಸೂರದಿಂದ ಬಿಸಿಲು ಹಾಯಿಸಿ ಒಂದು ಹೊಸ ಗಾಳಿ (ನಾವು ಇಂದು ಆಮ್ಲಜನಕ ಎನ್ನುವ ಅನಿಲ) ಪಡೆದ. ಅದೇ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿಗೆ ಹೋದ. ಅಲ್ಲಿ ನಡೆದ ಮಾತುಕತೆಯ ಬಗ್ಗೆ ಅವನೇ ಎರಡು ಸಲ ಬರೆದಿದ್ದಾನೆ. ಗಾಳಿಗಳ ಕುರಿತ ಅವನ ಪುಸ್ತಕದ ಎರಡನೆಯ ಸಂಪುಟ 1775ರಲ್ಲಿ ಬಂತು. ಈ ಗಾಳಿಯ ಬಗ್ಗೆ ನನಗಾದ ಅಚ್ಚರಿಯನ್ನು ಲವಾಸಿಯೆ, ಲೆ ರುವಾ ಮತ್ತಿತರರ ಮುಂದೆ ಹೇಳಿಕೊಂಡೆ ಎಂದಷ್ಟೇ ಅದರಲ್ಲಿದೆ. ಊಟದ ಮೇಜು ಬರುವುದು 1800ರ ಬರಹದಲ್ಲಿ. ಲವಾಸಿಯೆ ದಂಪತಿಗಳ ಬೆರಗು, ಪ್ರೀಸ್ಟ್ಲಿಯ ಅರೆಬರೆ ಫ್ರೆಂಚ್, ಅವನು ಹೇಳಿದ ‘ಕೆಂಪು ಸೀಸ’ ಯಾರಿಗೂ ಅರ್ಥವಾಗದೆ ಮ್ಯಾಕೆ ಎಂಬ ರಸಾಯನಜ್ಞ ಅದನ್ನು ಬಿಡಿಸಿ ಹೇಳಿದ್ದು, ಎಲ್ಲವೂ ಅಲ್ಲಿವೆ. ಇಪ್ಪತ್ತಾರು ವರ್ಷ ಕಳೆದಿತ್ತು. ಪ್ರೀಸ್ಟ್ಲಿ ಅಮೆರಿಕಕ್ಕೆ ವಲಸೆ ಹೋಗಿದ್ದ. ವಸ್ತು ಉರಿಯುವಾಗ ಅದರಿಂದ ಫ್ಲೋಜಿಸ್ಟನ್ ಎಂಬ ಅಂಶ ಹೊರಬೀಳುತ್ತದೆ ಎನ್ನುವ, ರಸಾಯನಜ್ಞರು ಹೆಚ್ಚುಕಡಿಮೆ ಎಲ್ಲರೂ ಕೈಬಿಟ್ಟಿದ್ದ ಸಿದ್ಧಾಂತದ ಪರವಾಗಿ ಅವನು ಬರೆಯುತ್ತಿದ್ದ ಪುಸ್ತಕ ಅದು.

ಹಾಗೆಂದು 1800ರ ಮಾತು ಸುಳ್ಳು ಎನ್ನುತ್ತಿಲ್ಲ. ‘ಕೆಂಪು ಸೀಸ’ದಂಥ ತೊಡಕಿನ ವಿವರವನ್ನು ಯಾರೂ ಸುಮ್ಮನೆ ಕಟ್ಟುವುದಿಲ್ಲ, ನನಗಂತೂ ಅದರ ಮೇಲೆ ನಂಬಿಕೆ ಇದೆ. ಆದರೆ 1774ರಲ್ಲಿ ಏನಾಯಿತು ಎಂಬ ಪ್ರಶ್ನೆಗೆ ಅದು ದೂರದ ನೆನಪು. 1800ರಲ್ಲಿ ಪ್ರೀಸ್ಟ್ಲಿಯ ಮನಸ್ಸಿನಲ್ಲಿ ಏನಿತ್ತು ಎಂಬ ಪ್ರಶ್ನೆಗೆ ಅದೇ ಪುಟ ಅಪ್ಪಟ ಮೂಲ ಆಕರ. ನಿಮ್ಮ ಕೈಯಲ್ಲಿರುವ ಮೂರು ಪುಸ್ತಕಗಳು ಈ ಎರಡು ಬರಹಗಳನ್ನು ಕಲಸಿ ಒಂದೇ ಕಥೆ ಮಾಡಿರಬೇಕು. ಒಂದು ಪುಸ್ತಕ ಎತ್ತು ಈಯಿತು ಎಂದರೆ ಮುಂದಿನದು ಕೊಟ್ಟಿಗೆಗೆ ಕಟ್ಟು ಎನ್ನುತ್ತದೆ. ನನ್ನ ಕ್ಷೇತ್ರವಾದ ವಿಜ್ಞಾನ ಇತಿಹಾಸದ ಜನಪ್ರಿಯ ಬರವಣಿಗೆಯಲ್ಲಿ ಇದು ಹೊಸ ರೋಗವೇನಲ್ಲ.

ಈಗ ನನ್ನದೇ ಒಂದು ಪಾಠ ಹೇಳುತ್ತೇನೆ. ಈ ವಿಷಯದಲ್ಲಿ ಬೀಳಬಹುದಾದ ಅತಿ ಆಳದ ಗುಂಡಿ ಅದು. ಸಂಶೋಧನೆಗೆ ಬಂದ ಹೊಸದರಲ್ಲಿ ಒಂದು ವಿಚಾರಗೋಷ್ಠಿಯಲ್ಲಿ ನಾನು ಮಾತನಾಡಿದೆ. ಫ್ರೆಂಚ್ ವಿಜ್ಞಾನ ಅಕಾಡೆಮಿಯ 1775ನೆಯ ವರ್ಷದ ಪ್ರಬಂಧ ಸಂಪುಟದಿಂದ ಲವಾಸಿಯೆಯ ಸಾಲೊಂದನ್ನು ಓದಿದೆ. ಲೋಹಗಳು ಕಾದು ಭಸ್ಮವಾಗುವಾಗ ಅವುಗಳೊಂದಿಗೆ ಕೂಡುವುದು ಗಾಳಿಯ ಅತ್ಯಂತ ಶುದ್ಧವಾದ, ಅತ್ಯಂತ ಆರೋಗ್ಯಕರವಾದ ಭಾಗ ಎಂಬುದು ಅದರ ಸಾರ. ನೋಡಿ, 1775ರಲ್ಲೇ ಅವನಿಗೆ ವಿಷಯ ಪೂರ್ತಿ ತಿಳಿದಿತ್ತು ಎಂದೆ. ಹಿರಿಯರೊಬ್ಬರು ಎದ್ದು ಕೇಳಿದ್ದು ಒಂದೇ ಮಾತು: "ಯಾವ ಅಚ್ಚು?" ನನ್ನ ಬಳಿ ಉತ್ತರವಿರಲಿಲ್ಲ.

ಆ ಪ್ರಬಂಧವನ್ನು ಲವಾಸಿಯೆ ಅಕಾಡೆಮಿಯಲ್ಲಿ ಮೊದಲು ಓದಿದ್ದು 1775ರ ಈಸ್ಟರ್ ಹೊತ್ತಿಗೆ. ಅದು ಮೇ ತಿಂಗಳಲ್ಲಿ ರೋಜಿಯೇ ನಡೆಸುತ್ತಿದ್ದ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಅಚ್ಚಿನಲ್ಲಿ ಲೋಹದೊಂದಿಗೆ ಕೂಡುವುದು ಗಾಳಿಯ ಒಂದು ಭಾಗವಲ್ಲ. ಇಡೀ ಗಾಳಿಯೇ ಕೂಡುತ್ತದೆ ಎನ್ನುತ್ತಾನೆ. ಪ್ರೀಸ್ಟ್ಲಿ ಅದನ್ನು ಓದಿ ತನ್ನ ಪುಸ್ತಕದಲ್ಲಿ ಟೀಕಿಸಿದ. ಲವಾಸಿಯೆ ಪ್ರಯೋಗಗಳನ್ನು ಮುಂದುವರಿಸಿ, ಬರಹವನ್ನು ತಿದ್ದಿ, 1778ರ ಆಗಸ್ಟ್‌ನಲ್ಲಿ ಮತ್ತೆ ಓದಿದ. ಅಕಾಡೆಮಿಯ ಸಂಪುಟಗಳು ಹೊರಬರುವುದು ವರ್ಷಗಟ್ಟಲೆ ತಡವಾಗುತ್ತಿದ್ದುದರಿಂದ, 1775ರ ಹೆಸರು ಹೊತ್ತ ಸಂಪುಟ ನಿಜವಾಗಿ ಹೊರಬಂದದ್ದು 1778ರಲ್ಲಿ, ತಿದ್ದಿದ ಪಾಠದೊಂದಿಗೆ. ನಾನು ಓದಿದ ಸಾಲು ಮೂರು ವರ್ಷ ತಡವಾಗಿ ಸೇರಿದ್ದು. ಆಕರ ನನ್ನ ಕೈಯಲ್ಲೇ ಇತ್ತು, ಶೀರ್ಷಿಕೆ ಸರಿಯಿತ್ತು, ಪುಟಸಂಖ್ಯೆಯೂ ಸರಿಯಿತ್ತು. ಆದರೂ ನನ್ನ ವಾದ ಕುಸಿಯಿತು.

ಇದು ಲವಾಸಿಯೆಯ ಮೋಸವಲ್ಲ. ತಿದ್ದುಪಡಿಗೆ ಅವಕಾಶ ಕೊಡುವುದು ಆ ಅಕಾಡೆಮಿಯ ರೂಢಿ. ಡಾರ್ವಿನ್ನನ ‘ಜೀವಿಜಾತಿಗಳ ಉಗಮ’ 1859ರಿಂದ 1872ರವರೆಗೆ ಆರು ಆವೃತ್ತಿ ಕಂಡಿತು; ಎಲ್ಲರ ಬಾಯಲ್ಲಿರುವ ‘ಯೋಗ್ಯತಮದ ಉಳಿವು’ ಎಂಬ ಮಾತು ಅದರೊಳಗೆ ಬಂದದ್ದು 1869ರ ಐದನೆಯ ಆವೃತ್ತಿಯಲ್ಲಿ. "ನಾನು ಊಹೆಗಳನ್ನು ಕಟ್ಟುವುದಿಲ್ಲ" ಎಂಬ ನ್ಯೂಟನ್ನನ ಮಾತು 1687ರ ‘ಪ್ರಿನ್ಸಿಪಿಯಾ’ದಲ್ಲಿ ಇಲ್ಲ, 1713ರ ಎರಡನೆಯ ಆವೃತ್ತಿಯಲ್ಲಿ ಸೇರಿತು. ಆದ್ದರಿಂದ ಆಕರ ಸಿಕ್ಕಿತೆಂದು ನಿಲ್ಲಬೇಡಿ. ಯಾವ ಅಚ್ಚು, ಯಾವಾಗ ಓದಿದ್ದು, ಯಾವಾಗ ಹೊರಬಂದದ್ದು, ಈ ಮೂರನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಇನ್ನು ಹುಡುಕುವ ದಾರಿ. ಹೊಸಬರು ಮೊದಲು ಹುಡುಕು ಯಂತ್ರದಲ್ಲಿ ಪದ ಹಾಕುತ್ತಾರೆ. ನಾನು ಮೊದಲು ತೆರೆಯುವುದು ಈಚಿನ ಒಂದು ಒಳ್ಳೆಯ ಸಂಶೋಧನ ಗ್ರಂಥದ ಅಡಿಟಿಪ್ಪಣಿಗಳನ್ನು. ನಿಮಗಿಂತ ಮುಂಚೆ ಈ ದಾರಿಯಲ್ಲಿ ನಡೆದವರು ಯಾವ ಪೆಟ್ಟಿಗೆಯಲ್ಲಿ ಯಾವ ಹಾಳೆ ಇದೆ ಎಂದು ಅಲ್ಲಿ ಬರೆದಿಟ್ಟಿರುತ್ತಾರೆ. ಒಂದು ಹೇಳಿಕೆ ಹಿಡಿದುಕೊಳ್ಳಿ, ಅಡಿಟಿಪ್ಪಣಿ ತೋರಿಸುವ ಪುಸ್ತಕಕ್ಕೆ ಹೋಗಿ, ಅಲ್ಲಿಂದ ಅದರ ಅಡಿಟಿಪ್ಪಣಿಗೆ. ನಾಲ್ಕೈದು ಹೆಜ್ಜೆಯಲ್ಲಿ ಒಂದೋ ಮೂಲ ಸಿಗುತ್ತದೆ, ಇಲ್ಲವೇ ದಾರಿ ಗಾಳಿಯಲ್ಲಿ ಕರಗುತ್ತದೆ. ಎರಡನೆಯದೂ ಉಪಯುಕ್ತವೇ: ಆ ಕಥೆಗೆ ಬುಡವಿಲ್ಲ ಎಂದು ತಿಳಿಯಿತಲ್ಲ. ಗೆಲಿಲಿಯೊ ವಿಚಾರಣೆಯ ಕೊನೆಯಲ್ಲಿ "ಆದರೂ ಅದು ಚಲಿಸುತ್ತದೆ" ಎಂದು ಗೊಣಗಿದ ಕಥೆಯನ್ನು ಹೀಗೆ ಬೆನ್ನು ಹತ್ತಿದರೆ 1633ರ ವಿಚಾರಣೆಯ ದಾಖಲೆಗಳಲ್ಲಿ ಅದು ಸಿಗುವುದಿಲ್ಲ. ಅಚ್ಚಿನಲ್ಲಿ ಕಾಣುವುದು 1757ರಲ್ಲಿ, ಬರೆಟ್ಟಿ ಎಂಬಾತನ ಪುಸ್ತಕದಲ್ಲಿ.

ಪದ ಹಾಕಿ ಹುಡುಕುವಾಗಲೂ ಆ ಕಾಲದ ಪದ ಹಾಕಬೇಕು. 1775ರ ಪ್ರೀಸ್ಟ್ಲಿಯಲ್ಲಿ ಆಕ್ಸಿಜನ್ ಎಂದು ಹುಡುಕಿದರೆ ಶೂನ್ಯ; ಆ ಹೆಸರು ಇನ್ನೂ ಹುಟ್ಟಿರಲಿಲ್ಲ. ಅವನದು ‘ಫ್ಲೋಜಿಸ್ಟನ್ ಕಳೆದ ಗಾಳಿ’, ಶೀಲೆಯದು ‘ಬೆಂಕಿ ಗಾಳಿ’, ಲವಾಸಿಯೆ ಕೆಲಕಾಲ ಅದನ್ನು ‘ಉಸಿರಾಟಕ್ಕೆ ಅತ್ಯುತ್ತಮವಾದ ಗಾಳಿ’ ಎಂದ. ಇದರ ಜೊತೆಗೆ ಅಚ್ಚಿನ ತೊಂದರೆಯೂ ಇದೆ. ಆ ಕಾಲದ ಇಂಗ್ಲಿಷ್ ಅಚ್ಚಿನಲ್ಲಿ ‘ಎಸ್’ ಅಕ್ಷರ ಅನೇಕ ಕಡೆ ಉದ್ದವಾಗಿ, ನೋಡಲು ‘ಎಫ್’ನಂತೆ ಇರುತ್ತದೆ. ಸ್ಕ್ಯಾನ್ ಮಾಡಿದ ಪುಟವನ್ನು ಅಕ್ಷರಕ್ಕಿಳಿಸುವ ತಂತ್ರಾಂಶ ಅದನ್ನು ‘ಎಫ್’ ಎಂದೇ ಓದಿಬಿಡುವುದುಂಟು. ಹುಡುಕಿ ಸಿಗಲಿಲ್ಲ ಎಂದ ಮಾತ್ರಕ್ಕೆ ಪುಸ್ತಕದಲ್ಲಿ ಇಲ್ಲ ಎಂದು ತೀರ್ಮಾನಿಸಬೇಡಿ. ವಿಷಯಸೂಚಿ ನೋಡಿ ಪುಟ ತಿರುವಿ.

ಸ್ಕ್ಯಾನ್ ಪ್ರತಿ ಮೂಲವೇ ಎಂದು ಕೇಳಿದ್ದೀರಿ. ಪಠ್ಯವನ್ನು ಓದಲು ಧಾರಾಳವಾಗಿ ಸಾಕು. ರಾಯಲ್ ಸೊಸೈಟಿಯ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ 1665ರಿಂದ ಬರುತ್ತಿದೆ. ಎಪ್ಪತ್ತು ವರ್ಷಕ್ಕಿಂತ ಹಳೆಯ ಲೇಖನಗಳನ್ನು ಅವರು 2011ರಲ್ಲಿ ಎಲ್ಲರಿಗೂ ಮುಕ್ತವಾಗಿ ತೆರೆದರು. ಪ್ರೀಸ್ಟ್ಲಿ ಈ ಗಾಳಿಯ ಬಗ್ಗೆ 1775ರಲ್ಲಿ ಬರೆದ ಪತ್ರಗಳು ಅದರ 65ನೆಯ ಸಂಪುಟದಲ್ಲಿವೆ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ‘ಗ್ಯಾಲಿಕಾ’, ‘ಇಂಟರ್ನೆಟ್ ಆರ್ಕೈವ್’, ಪ್ರಾಣಿ ಸಸ್ಯಗಳ ವಿಷಯಕ್ಕೆ ‘ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ’, ಇವು ನನ್ನ ನಿತ್ಯದ ಕೆಲಸದ ಜಾಗಗಳು. ಆದರೆ ಸ್ಕ್ಯಾನ್ ಮಾಡುವವರು ಆತುರದಲ್ಲಿದ್ದರೆ ಮಡಿಚಿಟ್ಟ ಚಿತ್ರಪಟಗಳನ್ನು ಬಿಡಿಸುವುದೇ ಇಲ್ಲ. ಲವಾಸಿಯೆಯ 1789ರ ರಸಾಯನಶಾಸ್ತ್ರ ಗ್ರಂಥದ ಕೊನೆಯಲ್ಲಿ ಹದಿಮೂರು ಚಿತ್ರಪಟಗಳಿವೆ. ಅವನ ಹೆಂಡತಿ ಮರಿ ಆನ್ ಪೋಲ್ಸ್ ಉಪಕರಣಗಳನ್ನು ಎದುರಿಗಿಟ್ಟುಕೊಂಡು ಬಿಡಿಸಿ, ಕೆಳಗೆ ತನ್ನ ಹೆಸರು ಹಾಕಿದ ಚಿತ್ರಗಳು ಅವು. ಒಂದು ಸ್ಕ್ಯಾನ್ ಪ್ರತಿಯಲ್ಲಿ ಆ ಜಾಗದಲ್ಲಿ ನನಗೆ ಕಂಡದ್ದು ಮಡಿಚಿದ ಕಾಗದದ ಬೆನ್ನು, ಅದರ ಅಂಚಿನಲ್ಲಿ ಯಾವುದೋ ಗಾಜಿನ ಕೊಳವೆಯ ತುದಿ. ಆ ಪ್ರತಿಯೊಂದನ್ನೇ ನೋಡಿದವರಿಗೆ ಈ ಕೆಲಸದಲ್ಲಿ ಒಬ್ಬ ಹೆಣ್ಣುಮಗಳ ಕೈ ಇತ್ತು ಎಂಬುದೇ ತಿಳಿಯುವುದಿಲ್ಲ. ಒಂದು ಪ್ರತಿಯಲ್ಲಿ ಹೀಗಿದ್ದರೆ ಇನ್ನೊಂದು ಗ್ರಂಥಾಲಯದ ಪ್ರತಿ ಹುಡುಕಿ, ಸಾಮಾನ್ಯವಾಗಿ ಸಿಗುತ್ತದೆ.

ಭಾಷೆಯ ವಿಚಾರದಲ್ಲಿ ನಿಮ್ಮ ಸಂಕೋಚ ಅರ್ಥವಾಗುತ್ತದೆ. ಅನುವಾದ ಓದಿ, ಆದರೆ ಅನುವಾದ ಓದಿದ್ದೇನೆ ಎಂದು ಬರೆಯಿರಿ. ಶೀಲೆಯ 1777ರ ಪುಸ್ತಕ 1780ರಲ್ಲೇ ಇಂಗ್ಲಿಷಿಗೆ ಬಂದಿತ್ತು. ಲವಾಸಿಯೆಯ ಗ್ರಂಥವನ್ನು ರಾಬರ್ಟ್ ಕೆರ್ 1790ರಲ್ಲಿ ಅನುವಾದಿಸಿದ. ಇಂಗ್ಲಿಷ್ ಬಲ್ಲ ಓದುಗರು ಆಗ ಶೀಲೆಯನ್ನು ಹೇಗೆ ತಿಳಿದುಕೊಂಡರು ಎಂಬುದು ನಿಮ್ಮ ಪ್ರಶ್ನೆಯಾದರೆ ಆ ಅನುವಾದವೇ ಮೂಲ ಆಕರ. ಶೀಲೆ ಏನು ಹೇಳಿದ ಎಂಬುದು ಪ್ರಶ್ನೆಯಾದರೆ, ನಿಮ್ಮ ವಾದ ನಿಂತಿರುವ ಎರಡೋ ಮೂರೋ ವಾಕ್ಯಗಳನ್ನು ಮಾತ್ರ ಆ ಭಾಷೆ ಬಲ್ಲವರಿಂದ ಮೂಲದೊಡನೆ ತಾಳೆ ನೋಡಿಸಿ. ಇಡೀ ಪುಸ್ತಕಕ್ಕೆ ಭಾಷೆ ಕಲಿಯಬೇಕಾಗಿಲ್ಲ. ಅಪಾಯ ಇರುವುದು ಸಂಕ್ಷೇಪಗಳಲ್ಲಿ. ಲೇವನ್‌ಹುಕ್ 1676ರಲ್ಲಿ ಡಚ್ ಭಾಷೆಯಲ್ಲಿ ಬರೆದ ಸೂಕ್ಷ್ಮಜೀವಿಗಳ ಪತ್ರ 1677ರಲ್ಲಿ ಅಚ್ಚಾದಾಗ ಅನುವಾದವಾಗಿದ್ದಷ್ಟೇ ಅಲ್ಲ, ಬಹಳ ಮಟ್ಟಿಗೆ ಮೊಟಕಾಗಿತ್ತು.

ಕೈಬರಹದ ಕಡತಗಳು ಏಕೆ ಬೇಕು ಹಾಗಾದರೆ? ಅಚ್ಚಿನಲ್ಲಿ ಇರುವುದು ಲೇಖಕ ಹೊರಗೆ ತೋರಿಸಲು ಒಪ್ಪಿದ ಮುಖ. ಪಾಶ್ಚರನ ಪ್ರಯೋಗ ಪುಸ್ತಕಗಳು ಬಹುಕಾಲ ಮನೆಯವರ ಬಳಿಯೇ ಇದ್ದವು, 1964ರಲ್ಲಿ ಮೊಮ್ಮಗ ಅವನ್ನು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಟ್ಟರು. ಅವುಗಳನ್ನು ಓದಿದವರಿಗೆ ತಿಳಿದದ್ದು, 1881ರಲ್ಲಿ ಜನರೆದುರು ಕುರಿಗಳಿಗೆ ಹಾಕಿದ ನೆರಡಿ (ಆಂಥ್ರಾಕ್ಸ್) ರೋಗದ ಲಸಿಕೆ ತಯಾರಾದದ್ದು ಜಗತ್ತು ನಂಬಿದ್ದ ವಿಧಾನದಿಂದಲ್ಲ, ಸಹೋದ್ಯೋಗಿ ಶಾಂಬರ್ಲಾನ್ ರೂಪಿಸಿದ ರಾಸಾಯನಿಕ ವಿಧಾನದಿಂದ. ಅಚ್ಚಾದ ಪ್ರಬಂಧಗಳನ್ನು ಎಷ್ಟು ಸಲ ಓದಿದರೂ ಇದು ತಿಳಿಯುತ್ತಿರಲಿಲ್ಲ. ಆದರೆ ಪ್ರಯೋಗ ಪುಸ್ತಕವೇ ಅಂತಿಮ ಸತ್ಯ ಎಂದು ಆತುರಪಡುವುದೂ ಬೇಡ. ಎಲೆಕ್ಟ್ರಾನಿನ ಆವೇಶ ಅಳೆದ ಭೌತವಿಜ್ಞಾನಿ ಮಿಲಿಕನ್ 1913ರ ಲೇಖನದಲ್ಲಿ ಐವತ್ತೆಂಟು ಎಣ್ಣೆ ಹನಿಗಳ ಲೆಕ್ಕ ಕೊಟ್ಟ. ಅವನ ಪ್ರಯೋಗ ಪುಸ್ತಕಗಳಲ್ಲಿ ನೂರಕ್ಕೂ ಹೆಚ್ಚು ಹನಿಗಳಿವೆ. ಮೋಸ ಸಿಕ್ಕಿತು ಎಂದು ಕೆಲವರು ಕೂಗಿದರು. ಬಿಟ್ಟ ಹನಿಗಳನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಎಲೆಕ್ಟ್ರಾನ್ ಆವೇಶದ ಬೆಲೆ ಹೆಚ್ಚೇನೂ ಬದಲಾಗಲಿಲ್ಲ. ಪ್ರಯೋಗ ಪುಸ್ತಕ ಓದಲು ಪ್ರಯೋಗ ಗೊತ್ತಿರಬೇಕು. ರಸಾಯನಶಾಸ್ತ್ರ ಓದಿದ ನೀವು ಇಲ್ಲಿ ಅನೇಕ ಇತಿಹಾಸಕಾರರಿಗಿಂತ ಮುಂದಿದ್ದೀರಿ.

ನಿಮ್ಮ ವಿಷಯದಲ್ಲಿ ಪ್ರೀಸ್ಟ್ಲಿಯ ಪ್ರಯೋಗ ಟಿಪ್ಪಣಿಗಳಿಗಾಗಿ ಅಲೆಯಬೇಡಿ. 1791ರ ಜುಲೈ 14ರಂದು ಬರ್ಮಿಂಗ್‌ಹ್ಯಾಮಿನ ದೊಂಬಿಯಲ್ಲಿ ಅವನ ಮನೆ, ಪ್ರಯೋಗಾಲಯ, ಹಸ್ತಪ್ರತಿಗಳು ಸುಟ್ಟವು. ಲವಾಸಿಯೆಯ ತಲೆ 1794ರಲ್ಲಿ ಉರುಳಿದರೂ ಪ್ರಯೋಗ ಪುಸ್ತಕಗಳು ಉಳಿದವು. ಅವನ್ನು ಕಾಪಾಡಿದ್ದು ಹೆಂಡತಿ. ಯಾರ ಕಾಗದ ಉಳಿಯಿತು ಎಂಬುದರಿಂದಲೇ ಯಾರ ಕಥೆ ದೊಡ್ಡದಾಯಿತು ಎಂಬುದೂ ಭಾಗಶಃ ನಿರ್ಧಾರವಾಗಿದೆ. ಇದನ್ನು ನಿಮ್ಮ ಲೇಖನದಲ್ಲಿ ದಯವಿಟ್ಟು ಹೇಳಿ.

ಆದರೆ ಸುಟ್ಟದ್ದು ಪ್ರೀಸ್ಟ್ಲಿಯ ಬಳಿ ಇದ್ದದ್ದು ಮಾತ್ರ. ಪತ್ರ ಉಳಿಯುವುದು ಬರೆದವರ ಮನೆಯಲ್ಲಲ್ಲ, ತಲುಪಿದವರ ಮನೆಯಲ್ಲಿ. ಪ್ರೀಸ್ಟ್ಲಿಯನ್ನು ಹುಡುಕಬೇಕಾದರೆ ಅವನ ಗೆಳೆಯರ ಕಡತ ತೆರೆಯಿರಿ. ಬೆಂಜಮಿನ್ ಫ್ರಾಂಕ್ಲಿನ್ ಅವನ ಆಪ್ತ. ಫ್ರಾಂಕ್ಲಿನ್ನನ ಪತ್ರವ್ಯವಹಾರ ‘ಫೌಂಡರ್ಸ್ ಆನ್‌ಲೈನ್’ ತಾಣದಲ್ಲಿ ಟಿಪ್ಪಣಿಗಳ ಸಮೇತ ಉಚಿತವಾಗಿ ಸಿಗುತ್ತದೆ. ಶೀಲೆಯ ವಿಷಯದಲ್ಲೂ ಹೀಗೇ ಆಯಿತು. 1774ರ ಸೆಪ್ಟೆಂಬರ್ 30ರಂದು ಅವನು ಲವಾಸಿಯೆಗೆ ಪತ್ರ ಬರೆದು ಈ ಗಾಳಿಯನ್ನು ಪಡೆಯುವ ಬಗೆ ತಿಳಿಸಿದ್ದ. ಆ ಪತ್ರವನ್ನು ಗ್ರಿಮೋ ಎಂಬ ಫ್ರೆಂಚ್ ವಿದ್ವಾಂಸ ಪ್ರಕಟಿಸಿದ್ದು 1890ರಲ್ಲಿ. ಎರಡು ವರ್ಷದ ನಂತರ ನೋರ್ಡೆನ್‌ಶೋಲ್ಡ್ ಶೀಲೆಯ ಉಳಿದ ಪತ್ರಗಳನ್ನೂ ಪ್ರಯೋಗ ಟಿಪ್ಪಣಿಗಳನ್ನೂ ಅಚ್ಚು ಹಾಕಿದ. ಶೀಲೆ ಈ ಗಾಳಿಯನ್ನು ಪ್ರೀಸ್ಟ್ಲಿಗಿಂತ ಮೊದಲೇ ಪಡೆದಿದ್ದ ಎಂಬುದು ಆಗ ಖಚಿತವಾಯಿತು. ನಿಮ್ಮ ಮೂರು ಪುಸ್ತಕಗಳಲ್ಲಿ ಯಾವುದಾದರೂ 1890ಕ್ಕೆ ಹಿಂದಿನ ಬರಹಗಳನ್ನು ನೆಚ್ಚಿಕೊಂಡಿದ್ದರೆ ಅದರಲ್ಲಿ ಶೀಲೆ ಹಿಂದೆ ಸರಿದಿರುವುದು ಸಹಜ. ಯಾರು ಮೊದಲು ಗಾಳಿ ಹಿಡಿದರು, ಯಾರು ಮೊದಲು ಪ್ರಕಟಿಸಿದರು, ಅದು ಏನೆಂದು ಯಾರು ಅರ್ಥಮಾಡಿಕೊಂಡರು ಎಂಬ ಮೂರು ಪ್ರಶ್ನೆಗಳನ್ನು ಬೇರೆ ಮಾಡಿದರೆ ನಿಮ್ಮ ಮೂರೂ ಪುಸ್ತಕಗಳು ತಂತಮ್ಮ ಮಟ್ಟಿಗೆ ಸರಿಯಾಗಿಯೇ ಕಾಣುತ್ತವೆ.

ಸಂಪಾದಿತ ಪತ್ರ ಸಂಪುಟಗಳನ್ನು ನಾನು ಹೊಸಬರಿಗೆ ಬಲವಾಗಿ ಶಿಫಾರಸು ಮಾಡುತ್ತೇನೆ. ಡಾರ್ವಿನ್ನನ ಸುಮಾರು ಹದಿನೈದು ಸಾವಿರ ಪತ್ರಗಳು ಮೂವತ್ತು ಸಂಪುಟಗಳಲ್ಲಿ ಮುಗಿದು, ಉಚಿತವಾಗಿಯೂ ಸಿಗುತ್ತಿವೆ. ಸಂಪಾದಕರು ಯಾರೆಂದು ಮಾತ್ರ ನೋಡಿಕೊಳ್ಳಿ. ಅದೇ ಡಾರ್ವಿನ್ನನ ಆತ್ಮಕಥೆಯನ್ನು 1887ರಲ್ಲಿ ಮನೆಯವರು ಹೊರತಂದಾಗ ಧರ್ಮದ ಬಗ್ಗೆ ಅವನು ಬರೆದ ಕಟು ಮಾತುಗಳನ್ನು ತೆಗೆದುಹಾಕಿದ್ದರು. ಮೊಮ್ಮಗಳು ನೋರಾ ಬಾರ್ಲೊ ಅವನ್ನು ಮರಳಿ ಸೇರಿಸಿದ್ದು 1958ರಲ್ಲಿ.

ಇಸವಿಗಳ ಬಗ್ಗೆ ಒಂದು ಮಾತು. ಗೆಲಿಲಿಯೊ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಎಂದು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಗೆಲಿಲಿಯೊ ಸತ್ತ 1642ರ ಜನವರಿ 8 ಹೊಸ (ಗ್ರೆಗೋರಿಯನ್) ಪಂಚಾಂಗದ ದಿನ. ನ್ಯೂಟನ್ ಹುಟ್ಟಿದ 1642ರ ಡಿಸೆಂಬರ್ 25 ಇಂಗ್ಲೆಂಡಿನ ಹಳೆಯ ಪಂಚಾಂಗದ ದಿನ. ಒಂದೇ ಪಂಚಾಂಗಕ್ಕೆ ತಂದರೆ ಅದು 1643ರ ಜನವರಿ 4. ಇಂಗ್ಲೆಂಡ್ ಹೊಸ ಪಂಚಾಂಗಕ್ಕೆ ಬಂದದ್ದು 1752ರಲ್ಲಿ. ಅದಕ್ಕೂ ಹಿಂದಿನ ಪತ್ರ ಕೈಗೆ ಬಂದರೆ ದಿನಾಂಕವನ್ನು ಎರಡು ಸಲ ನೋಡಿ.

ಕೃತಕ ಬುದ್ಧಿಮತ್ತೆಯ ಸಾಧನ ನಿಮಗೆ ಕೊಟ್ಟದ್ದು ಆಕರವಲ್ಲ, ಆಕರದ ಆಕಾರದಲ್ಲಿರುವ ವಾಕ್ಯ. ನೀವು ಪುಟ ತೆರೆದು ನೋಡಿದಿರಲ್ಲ, ಈ ಕೆಲಸಕ್ಕೆ ಬೇಕಾದ ಗುಣ ಅದೇ. ಹಳೆಯ ಪದಗಳನ್ನು ಸೂಚಿಸಲು, ಫ್ರೆಂಚ್ ಪುಟದ ಸ್ಥೂಲ ಅರ್ಥ ತಿಳಿಯಲು ಅದನ್ನು ಬಳಸಬಹುದು. ಉಲ್ಲೇಖಕ್ಕೆ ಬೇಡ.

ಕೈಬರಹವಿದ್ದರೆ ಅಸಲಿ ಎಂಬ ನಂಬಿಕೆಯೂ ಅಪಾಯಕಾರಿ. 1867ರಲ್ಲಿ ಮಿಷೆಲ್ ಶಾಲ್ ಎಂಬ ದೊಡ್ಡ ಗಣಿತಜ್ಞ ಗುರುತ್ವವನ್ನು ನ್ಯೂಟನ್ನನಿಗಿಂತ ಮೊದಲು ಕಂಡವನು ಪಾಸ್ಕಲ್ ಎಂದು ಪತ್ರಗಳನ್ನು ಮುಂದಿಟ್ಟ. ಎಲ್ಲವೂ ವ್ರೆಂ ಲೂಕಾ ಎಂಬ ನಕಲುಗಾರ ಅವನಿಗೆ ಮಾರಿದವು. ಆ ರಾಶಿಯಲ್ಲಿ ಕ್ಲಿಯೋಪಾತ್ರ ಫ್ರೆಂಚಿನಲ್ಲಿ ಬರೆದ ಪತ್ರವೂ ಇತ್ತು. ಮಿಷಿಗನ್ ವಿಶ್ವವಿದ್ಯಾಲಯ ದಶಕಗಳ ಕಾಲ ಗೆಲಿಲಿಯೊನ ಕೈಬರಹವೆಂದು ಕಾಪಾಡಿಕೊಂಡು ಬಂದ ಹಾಳೆ ನಕಲಿ ಎಂದು 2022ರಲ್ಲಿ ತಿಳಿಯಿತು. ಇತಿಹಾಸಕಾರ ನಿಕ್ ವೈಲ್ಡಿಂಗ್ ಗಮನಿಸಿದ್ದು ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ಗುರುತನ್ನು; ಅಂಥ ಗುರುತಿನ ಕಾಗದ 1770ಕ್ಕೆ ಮೊದಲು ಇರಲಿಲ್ಲ. ಆದ್ದರಿಂದ ಹರಾಜುಗಳಲ್ಲಿ, ಖಾಸಗಿ ಸಂಗ್ರಹಗಳಲ್ಲಿ ದಿಢೀರನೆ ಕಾಣಿಸಿಕೊಳ್ಳುವ ಕಾಗದದ ಮೇಲೆ ವಾದ ಕಟ್ಟಬೇಡಿ. ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಸರಪಳಿ ಮೊದಲು ಕೇಳಿ.

ಇಷ್ಟಾದ ಮೇಲೂ ಒಂದು ಹಸ್ತಪ್ರತಿ ಬೇಕೇ ಬೇಕು ಎನಿಸಿದರೆ ಪತ್ರಾಗಾರಕ್ಕೆ ಬರೆಯಿರಿ. ಪ್ರಾಧ್ಯಾಪಕರಿಗೆ ಮಾತ್ರ ಬಾಗಿಲು ತೆರೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ನನ್ನ ಅನುಭವದಲ್ಲಿ ಪತ್ರಪಾಲಕರು ಬಿರುದನ್ನು ನೋಡುವುದಿಲ್ಲ, ಪ್ರಶ್ನೆ ಎಷ್ಟು ಖಚಿತವಾಗಿದೆ ಎಂದು ನೋಡುತ್ತಾರೆ. "ಲವಾಸಿಯೆ ಬಗ್ಗೆ ಏನಿದೆ ಕಳಿಸಿ" ಎಂದರೆ ಉತ್ತರ ಬರಲಿಕ್ಕಿಲ್ಲ. ಅವರ ಸೂಚಿಯಲ್ಲಿರುವ ಕಡತ ಸಂಖ್ಯೆ, ಪತ್ರದ ದಿನಾಂಕ, ಯಾರಿಂದ ಯಾರಿಗೆ, ಯಾವ ಹಾಳೆ ಎಂದು ಬರೆದು, ಓದಲು ಚಿತ್ರ ಸಿಗಬಹುದೇ, ಪ್ರಕಟಣೆಗೆ ಬೇರೆ ಅನುಮತಿ ಬೇಕೇ ಎಂದು ಕೇಳಿ. ಸೂಚಿಯನ್ನೂ ಪೂರ್ತಿ ನಂಬಬೇಡಿ: ಗೆಲಿಲಿಯೊ 1613ರಲ್ಲಿ ಕಾಸ್ಟೆಲ್ಲಿಗೆ ಬರೆದ ಪ್ರಸಿದ್ಧ ಪತ್ರದ ಮೂಲ ರಾಯಲ್ ಸೊಸೈಟಿಯಲ್ಲೇ ತಪ್ಪು ದಿನಾಂಕದಡಿ ಸೇರಿಹೋಗಿ, 2018ರಲ್ಲಿ ಪತ್ತೆಯಾಯಿತು.

ಈ ವಾರಕ್ಕೆ ನಿಮಗೆ ನನ್ನ ಸಲಹೆ ಇಷ್ಟೇ. ಪ್ರೀಸ್ಟ್ಲಿಯ 1775ರ ಸಂಪುಟ ಇಂಗ್ಲಿಷಿನಲ್ಲಿದೆ, ಅದನ್ನು ತೆರೆಯಿರಿ. 1775ರ ಮಾರ್ಚ್ 8ರಂದು ಅವನು ಗಾಜಿನ ಪಾತ್ರೆಯೊಳಗೆ ಇಲಿ ಬಿಟ್ಟ ಪ್ರಯೋಗದ ಪುಟಗಳಿಂದ ಶುರು ಮಾಡಿ. ಸಾಮಾನ್ಯ ಗಾಳಿಯಲ್ಲಾದರೆ ಕಾಲು ಗಂಟೆ ಬದುಕುತ್ತಿದ್ದ ಇಲಿ ಅರ್ಧ ಗಂಟೆ ಬದುಕಿತು. ಅವನಿಗೆ ಅನುಮಾನ ಬಂತು, ಮರುದಿನದ ಪರೀಕ್ಷೆಗಳಿಗೆ ಇಳಿದ. ಅಷ್ಟು ಪುಟಗಳನ್ನು ಓದಿ ಮುಗಿಸಿ, ಅವನಿಗೆ ಯಾವ ದಿನ ಏನು ಗೊತ್ತಿತ್ತು ಎಂದು ಒಂದು ಹಾಳೆಯಲ್ಲಿ ದಿನಾಂಕವಾರು ಬರೆಯಿರಿ. ಲವಾಸಿಯೆಯ ಎರಡು ಅಚ್ಚುಗಳ ಸಾಲುಗಳನ್ನು ಅದರ ಪಕ್ಕದಲ್ಲಿ ಬರೆದುಕೊಳ್ಳಲು ಅರ್ಧ ಹಾಳೆ ಖಾಲಿ ಬಿಡಿ.